ಕುಳೆಂನಲ್ಲಿ ನಿಂತ 900 ಟನ್: ಬ್ರಗಾಂಝಾ ಘಾಟ್‌ನಲ್ಲಿ ಉಗಿ ಎಂಜಿನ್‌ನ ಎಳೆತದ ಲೆಕ್ಕ

ಜೋಯಿಡಾ ತಾಲ್ಲೂಕಿನ ಗಡಿಯಂಚಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗೆ ರೈಲುದಾರಿ ಸುಮಾರು 26 ಕಿಲೋಮೀಟರ್. ಇದೇ ಬ್ರಗಾಂಝಾ ಘಾಟ್. ಈ ದಾರಿಯ ಏರು 37ಕ್ಕೆ 1. ಹಳಿಯ ಮೇಲೆ 37 ಮೀಟರ್ ಮುಂದೆ ಹೋದರೆ ರೈಲು 1 ಮೀಟರ್ ಮೇಲೇರಿರುತ್ತದೆ. ಅದೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ, ಕಾರವಾರದಿಂದ ಭಟ್ಕಳದವರೆಗೆ ಹಾದುಹೋಗುವ ಕೊಂಕಣ ರೈಲ್ವೆಯಲ್ಲಿ ಏರಿನ ಮಿತಿ 150ಕ್ಕೆ 1. ಬರಿಗಣ್ಣಿಗೆ ಎರಡೂ ಹಳಿಗಳು ಹೆಚ್ಚುಕಡಿಮೆ ಸಮತಟ್ಟಾಗಿಯೇ ಕಾಣುತ್ತವೆ. ಎಂಜಿನ್‌ಗೆ ಮಾತ್ರ ಇವೆರಡೂ ಬೇರೆಬೇರೆ ಲೋಕಗಳು.

ಹಳೆಯ ಉಗಿ ಎಂಜಿನ್‌ಗಳ ಮಾತು ಬಂದಾಗ ಮೊದಲು ಕೇಳಿಬರುವ ಪ್ರಶ್ನೆ, ಅದು ಎಷ್ಟು ಟನ್ ಎಳೆಯುತ್ತಿತ್ತು ಎಂಬುದು. ದಾರಿ ಯಾವುದೆಂದು ಹೇಳದೆ ಆ ಪ್ರಶ್ನೆಗೆ ಉತ್ತರವಿಲ್ಲ. ಇದನ್ನು ತೋರಿಸಲು ಒಂದೇ ಒಂದು ಸನ್ನಿವೇಶವನ್ನು ಹಿಡಿದು ಕೊನೆಯವರೆಗೂ ಲೆಕ್ಕ ಹಾಕಿದ್ದೇನೆ. ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ಕಾಲದಲ್ಲಿ ಮರ್ಮಗೋವಾ ಬಂದರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟ, 900 ಟನ್ ತೂಕದ ಒಂದು ಸರಕು ರೈಲು ಕುಳೆಂನಲ್ಲಿ ಬಂದು ನಿಂತಿದೆ ಎಂದುಕೊಳ್ಳೋಣ. ಈ ರೈಲು ಲೆಕ್ಕಕ್ಕಾಗಿ ಕಟ್ಟಿಕೊಂಡದ್ದು. ಘಟ್ಟ, ಎಂಜಿನ್ ಮತ್ತು ಅವುಗಳ ನಿಯಮಗಳು ನಿಜವಾದವು.

ದಾರಿಯ ಹಿನ್ನೆಲೆ

ಈ ಮಾರ್ಗಕ್ಕೆ ಬುನಾದಿ ಬಿದ್ದದ್ದು 1878ರ ಬ್ರಿಟಿಷ್–ಪೋರ್ಚುಗೀಸ್ ಒಪ್ಪಂದದಲ್ಲಿ. ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿ ಮರ್ಮಗೋವಾದಿಂದ ಹಳಿ ಹಾಕುತ್ತಾ ಬಂದು 1888ರಲ್ಲಿ ಕ್ಯಾಸಲ್‌ರಾಕ್ ಮುಟ್ಟಿತು. ಅಲ್ಲಿಂದಾಚೆಗೆ ಹುಬ್ಬಳ್ಳಿಯ ಕಡೆಗಿನ ಹಳಿ ಸದರ್ನ್ ಮರಾಠಾ ರೈಲ್ವೆಯದು. ಕಾರವಾರ ಬಂದರಿಗೇ ಹುಬ್ಬಳ್ಳಿಯಿಂದ ರೈಲು ತರಬೇಕೆಂಬ ಮಾತು ಆ ಶತಮಾನದಲ್ಲೇ ಎದ್ದಿತ್ತು. ಕೊನೆಗೆ ರೈಲು ಸಿಕ್ಕಿದ್ದು ಮರ್ಮಗೋವಾಕ್ಕೆ. ಕಾರವಾರದ ಪಾಲಿಗೆ ಆಗ ಬಂದದ್ದು, ಜಿಲ್ಲೆಯ ಮೂಲೆಯಲ್ಲಿದ್ದ ಕ್ಯಾಸಲ್‌ರಾಕ್ ಎಂಬ ಒಂದು ಗಡಿ ನಿಲ್ದಾಣ ಮತ್ತು ಅಲ್ಲಿನ ಸುಂಕದ ಕಟ್ಟೆ.

ಘಟ್ಟದ ಮೇಲಿನ ಹತ್ತಿ, ಧಾನ್ಯ, ಮುಂದೆ ಹೊಸಪೇಟೆ ಕಡೆಯ ಅದಿರು ಬಂದರಿಗೆ ಇಳಿಯಬೇಕು ಎಂಬುದು ಈ ದಾರಿಯ ಮುಖ್ಯ ಕಸುಬು. ತೂಕವೆಲ್ಲ ಇಳಿಯುವ ದಿಕ್ಕಿನಲ್ಲೇ ಇದ್ದರೆ 37ಕ್ಕೆ 1ರ ಏರನ್ನು ಹೇಗೋ ಸಹಿಸಬಹುದು. ಇಳಿಯುವ ರೈಲಿಗೆ ಬೇಕಾದದ್ದು ಬ್ರೇಕ್, ಏರುವ ರೈಲಿಗೆ ಬೇಕಾದದ್ದು ಎಳೆತ. ಕಡಿದಾದ ಘಟ್ಟವನ್ನು ಕಟ್ಟಿದವರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಆದರೆ ಯಾವ ರೈಲುದಾರಿಯಲ್ಲೂ ತೂಕ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಇಂದು ಬಂದರಿನಲ್ಲಿ ಇಳಿದ ಕಲ್ಲಿದ್ದಲು ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳಿಗೆ ಇದೇ ಘಟ್ಟವನ್ನು ಏರಿ ಹೋಗುತ್ತಿದೆ. ನಮ್ಮ 900 ಟನ್ ರೈಲೂ ಏರುವ ದಿಕ್ಕಿನದೇ.

ಎಂಜಿನ್

ಲೆಕ್ಕಕ್ಕೆ ವೈಜಿ ದರ್ಜೆಯ ಎಂಜಿನನ್ನು ತೆಗೆದುಕೊಂಡಿದ್ದೇನೆ. ಸ್ವಾತಂತ್ರ್ಯಾನಂತರ ದೇಶದ ಮೀಟರ್‌ಗೇಜ್ ಸರಕು ಸಾಗಣೆಯ ಬೆನ್ನೆಲುಬಾಗಿದ್ದ ದರ್ಜೆ ಇದು. 1949ರಿಂದ 1972ರ ನಡುವೆ ಇಂಥ ಸಾವಿರಕ್ಕೂ ಹೆಚ್ಚು ಎಂಜಿನ್‌ಗಳು ತಯಾರಾದವು. ಮುಂದೆ ಎರಡು ಚಿಕ್ಕ ಚಕ್ರ, ನಡುವೆ ಎಂಟು ಚಾಲಕ ಚಕ್ರ, ಹಿಂದೆ ಎರಡು ಚಕ್ರ. ಎರಡು ಸಿಲಿಂಡರ್‌ಗಳು, ಒಂದೊಂದರ ವ್ಯಾಸ 16.5 ಅಂಗುಲ, ಪಿಸ್ಟನ್‌ನ ಓಟ 24 ಅಂಗುಲ. ಚಾಲಕ ಚಕ್ರದ ವ್ಯಾಸ 48 ಅಂಗುಲ. ಬಾಯ್ಲರ್‌ನ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್.

ಎಳೆತ ಬಲದ ಸೂತ್ರ ಬಹಳ ಹಳೆಯದು. ಸಿಲಿಂಡರ್ ವ್ಯಾಸದ ವರ್ಗವನ್ನು ಪಿಸ್ಟನ್ ಓಟದಿಂದಲೂ ಬಾಯ್ಲರ್ ಒತ್ತಡದ ಶೇ 85ರಿಂದಲೂ ಗುಣಿಸಿ, ಚಕ್ರದ ವ್ಯಾಸದಿಂದ ಭಾಗಿಸಬೇಕು. ಬಾಯ್ಲರ್‌ನಲ್ಲಿರುವಷ್ಟು ಒತ್ತಡ ಪಿಸ್ಟನ್‌ವರೆಗೆ ತಲುಪುವುದಿಲ್ಲವಾದ್ದರಿಂದ ಶೇ 15 ಬಿಟ್ಟುಕೊಡಲಾಗಿದೆ. ವೈಜಿಗೆ ಈ ಲೆಕ್ಕ ಹಾಕಿದರೆ ಸುಮಾರು 24,300 ಪೌಂಡ್, ಅಂದರೆ 11 ಟನ್ ಬಲ (11 ಟನ್ ತೂಕವನ್ನು ನೆಟ್ಟಗೆ ಮೇಲೆತ್ತುವಷ್ಟು) ಬರುತ್ತದೆ.

ಈ ಸೂತ್ರದಲ್ಲಿ ಚಕ್ರದ ವ್ಯಾಸ ಕೆಳಗೆ, ಭಾಜಕದ ಜಾಗದಲ್ಲಿದೆ. ಸರಕು ಎಂಜಿನ್‌ಗಳ ಗುಟ್ಟು ಇರುವುದು ಇಲ್ಲಿ. ಅರಬೈಲ್ ಘಟ್ಟ ಹತ್ತುವ ಲಾರಿಯ ಚಾಲಕ ಮೊದಲ ಗೇರಿಗೆ ಇಳಿಯಬಲ್ಲ, ಉಗಿ ಎಂಜಿನ್‌ಗೆ ಗೇರುಪೆಟ್ಟಿಗೆಯೇ ಇಲ್ಲ. ಪಿಸ್ಟನ್‌ನ ಸರಳು ನೇರವಾಗಿ ಚಕ್ರಕ್ಕೆ ಜೋಡಿಸಿಕೊಂಡಿರುತ್ತದೆ. ಕಾರ್ಖಾನೆಯಲ್ಲಿ ಯಾವ ವ್ಯಾಸದ ಚಕ್ರ ಹಾಕಿದರೋ ಅದೇ ಅದರ ಜೀವಮಾನದ ಗೇರು. ಅಗಲ ಹಳಿಯ, ಅಂದರೆ ಬ್ರಾಡ್‌ಗೇಜ್‌ನ ಪ್ರಯಾಣಿಕ ಎಂಜಿನ್ ಡಬ್ಲ್ಯೂಪಿಗೆ 67 ಅಂಗುಲದ ಚಕ್ರ, ಸರಕು ಎಂಜಿನ್ ಡಬ್ಲ್ಯೂಜಿಗೆ 61.5 ಅಂಗುಲದ್ದು. ಸಿಲಿಂಡರ್ ದೊಡ್ಡದು ಮಾಡಿ ಚಕ್ರ ಚಿಕ್ಕದು ಮಾಡಿದ್ದರಿಂದ ಡಬ್ಲ್ಯೂಪಿಯ ಸುಮಾರು 14 ಟನ್ ಎಳೆತ ಡಬ್ಲ್ಯೂಜಿಯಲ್ಲಿ 17.6 ಟನ್ನಿಗೆ ಏರಿತು. ಚಿತ್ತರಂಜನ್ ಕಾರ್ಖಾನೆಯಿಂದ 1950ರಲ್ಲಿ ಹೊರಬಂದ ಮೊದಲ ಎಂಜಿನ್ ಇದೇ ಡಬ್ಲ್ಯೂಜಿ ದರ್ಜೆಯದು.

ಘಟ್ಟದ ಬೇಡಿಕೆ

ಸಮತಟ್ಟಾದ ಹಳಿಯ ಮೇಲೆ ಓಡುತ್ತಿರುವ ಹಳೆಯ ಕಾಲದ ಸರಕು ಬೋಗಿಗೆ ಟನ್ನಿಗೆ ಸುಮಾರು 4 ಕೆ.ಜಿ. ಎಳೆತ ಸಾಕು. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಉರುಳುವುದರ ಲಾಭ ಇದು. ಏರು ಬಂದೊಡನೆ ತೂಕದ ಒಂದು ಪಾಲು ಹಿಂದಕ್ಕೆ ಜಗ್ಗುತ್ತದೆ. ಆ ಪಾಲು 37ಕ್ಕೆ 1ರಲ್ಲಿ ಟನ್ನಿಗೆ 27 ಕೆ.ಜಿ., 150ಕ್ಕೆ 1ರಲ್ಲಿ 6.7 ಕೆ.ಜಿ. ಉರುಳುವಿಕೆಯ ತಡೆಯನ್ನೂ ಸೇರಿಸಿದರೆ ಘಟ್ಟದಲ್ಲಿ ಟನ್ನಿಗೆ 31 ಕೆ.ಜಿ., ಕೊಂಕಣ ರೈಲ್ವೆಯ ಅತಿ ಕಡಿದಾದ ಏರಿನಲ್ಲಿ 10.7 ಕೆ.ಜಿ. ಬೇಕು.

ಒಂದು ವೈಜಿ ಎಂಜಿನ್‌ನ 11 ಟನ್ ಎಳೆತವನ್ನು ಈಗ ಹಂಚಿ ನೋಡೋಣ. 150ಕ್ಕೆ 1ರ ಏರಿನಲ್ಲಿ ಅದು ಒಟ್ಟು 1,030 ಟನ್ ಎಳೆಯಬಲ್ಲದು. ಅದರಲ್ಲಿ ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಹಿಂಬಂಡಿ) ಸಹಿತ ಎಂಜಿನ್‌ನ ಸ್ವಂತ ತೂಕ ಸುಮಾರು 100 ಟನ್. ಅದನ್ನು ಕಳೆದರೆ ಉಳಿದದ್ದು 930 ಟನ್. ನಮ್ಮ 900 ಟನ್ ರೈಲಿಗೆ ಒಂದೇ ಎಂಜಿನ್ ಸಾಕು. 37ಕ್ಕೆ 1ರ ಏರಿನಲ್ಲಿ ಅದೇ ಎಂಜಿನ್ ಎಳೆಯುವುದು ಒಟ್ಟು 356 ಟನ್. ಸ್ವಂತ ತೂಕ ಕಳೆದರೆ ಉಳಿಯುವುದು 256 ಟನ್. ಏರು ಕಡಿದಾದಷ್ಟೂ ಎಂಜಿನ್ ತನ್ನನ್ನೇ ತಾನು ಹೊತ್ತುಕೊಳ್ಳಲು ಖರ್ಚು ಮಾಡುವ ಪಾಲು ದೊಡ್ಡದಾಗುತ್ತದೆ. ಕೊಂಕಣದ ಏರಿನಲ್ಲಿ ಅದು ಹತ್ತರಲ್ಲಿ ಒಂದು ಪಾಲು, ಘಟ್ಟದಲ್ಲಿ ನಾಲ್ಕನೆಯ ಒಂದು ಪಾಲಿಗಿಂತಲೂ ಹೆಚ್ಚು.

ಕಾಗದದ ಮೇಲೆ 900 ಟನ್ನಿಗೆ ನಾಲ್ಕು ಎಂಜಿನ್ ಸಾಕೆನಿಸುತ್ತದೆ. ಇಲ್ಲಿಯೇ ಲೆಕ್ಕ ನಿಲ್ಲಿಸಿದರೆ ರೈಲು ದೂಧಸಾಗರದ ಆಸುಪಾಸಿನಲ್ಲಿ ಎಲ್ಲೋ ನಿಂತುಬಿಡುತ್ತದೆ.

ನಿಂತ ರೈಲು ಮತ್ತೆ ಹೊರಡಬೇಕಲ್ಲ

ಮೇಲಿನ 4 ಕೆ.ಜಿ. ಲೆಕ್ಕ ಓಡುತ್ತಿರುವ ಬೋಗಿಯದು. ನಿಂತು ತಣ್ಣಗಾದ ಬೋಗಿಯ ಹಳೆಯ ಮಾದರಿಯ ಬೇರಿಂಗ್‌ಗಳಲ್ಲಿ ಎಣ್ಣೆಯ ಪದರ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗಿಕೊಂಡಿರುತ್ತದೆ. ಮೊದಲ ಉರುಳಿಗೆ ಅದು ಟನ್ನಿಗೆ 9 ಕೆ.ಜಿ. ಆಸುಪಾಸು ಕೇಳಬಹುದು. ಏರಿನ 27 ಕೆ.ಜಿ. ಸೇರಿದರೆ 36. ನಾಲ್ಕು ಎಂಜಿನ್ ಹಚ್ಚಿದಾಗ ಒಂದೊಂದರ ಪಾಲಿಗೆ ಬರುವುದು 225 ಟನ್ ಸರಕು, 100 ಟನ್ ಸ್ವಂತ ತೂಕ. ಓಡುತ್ತಿರುವಾಗ ಇದಕ್ಕೆ 10.1 ಟನ್ ಎಳೆತ ಸಾಕು, ವೈಜಿ ಅದನ್ನು ಕೊಡಬಲ್ಲದು. ನಿಂತಲ್ಲಿಂದ ಹೊರಡಲು 11.7 ಟನ್ ಬೇಕು. ಅದು ವೈಜಿಯ ಬಳಿ ಇಲ್ಲ.

ಅಂದರೆ ಎಳೆದುಕೊಂಡು ಹೋಗಬಲ್ಲ ರೈಲನ್ನೇ ಎಂಜಿನ್ ಹೊರಡಿಸಲಾರದು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದು. ಘಟ್ಟದ ನಡುವೆ ಸಿಗ್ನಲ್ ಬೀಳಬಹುದು, ಹಳಿಯ ಮೇಲೆ ಮಣ್ಣು ಕುಸಿಯಬಹುದು, ಕಾಡುಕೋಣ ಅಡ್ಡ ಬರಬಹುದು. ಆದ್ದರಿಂದ ಹೊರೆಯನ್ನು ನಿರ್ಧರಿಸಬೇಕಾದದ್ದು ಹೊರಡುವ ಬಲದಿಂದ. ಆ ಲೆಕ್ಕದಲ್ಲಿ ಒಂದು ವೈಜಿಗೆ ಸಲ್ಲುವುದು ಸುಮಾರು 205 ಟನ್. ತಿರುವುಗಳಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುವ ತಡೆಯನ್ನೂ ಸೇರಿಸಿದರೆ ಇನ್ನೂ ಕಡಿಮೆ. 900 ಟನ್ನಿಗೆ ಐದು ಎಂಜಿನ್‌ಗಳು ಬೇಕಾದವು. ಅಂದರೆ 900 ಟನ್ ಸರಕು ಏರಿಸಲು 500 ಟನ್ ಎಂಜಿನ್.

ಹಿಡಿತ, ಮರಳು, ಮಳೆ

ಸಿಲಿಂಡರ್‌ಗಳು 11 ಟನ್ ಕೊಟ್ಟರೂ ಹಳಿ ಅದನ್ನು ಸ್ವೀಕರಿಸಬೇಕು. ವೈಜಿಯ ಎಂಟು ಚಾಲಕ ಚಕ್ರಗಳ ಮೇಲೆ ಬೀಳುವ ಭಾರ ಸುಮಾರು 42 ಟನ್. ಒಣ ಹಳಿಯ ಮೇಲೆ ಈ ಭಾರದ ಕಾಲು ಭಾಗದಷ್ಟು ಹಿಡಿತ ಸಿಗುತ್ತದೆಂದು ನಂಬಿ ವಿನ್ಯಾಸ ಮಾಡುವುದು ರೂಢಿ. ಕಾಲು ಭಾಗವೆಂದರೆ 10.5 ಟನ್. ಸಿಲಿಂಡರ್‌ನ ಬಲ ಆಗಲೇ ಹಿಡಿತದ ಅಂಚನ್ನು ದಾಟಿ ನಿಂತಿದೆ. ಇದರ ಮೇಲೆ ಎರಡು ಸಿಲಿಂಡರ್‌ಗಳ ಬಲ ಒಂದೇ ಸಮನಾಗಿ ಬರುವುದಿಲ್ಲ. ಚಕ್ರ ಒಂದು ಸುತ್ತು ಸುತ್ತುವುದರೊಳಗೆ ಅದು ನಾಲ್ಕು ಬಾರಿ ಏರಿ ಇಳಿಯುತ್ತದೆ. 11 ಟನ್ ಎನ್ನುವುದು ಸರಾಸರಿ, ಚಕ್ರ ಜಾರುವುದು ಶಿಖರದಲ್ಲಿ. ಸಮನಾಗಿ ತಿರುಗುವ ವಿದ್ಯುತ್ ಮೋಟಾರು ಉಗಿಯನ್ನು ಸೋಲಿಸಿದ್ದಕ್ಕೆ ಒಂದು ಮುಖ್ಯ ಕಾರಣ ಇದು.

ಮಳೆಗಾಲದ ಕ್ಯಾಸಲ್‌ರಾಕ್ ಹೇಗಿರುತ್ತದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಅದೂ ಒಂದು. ಜೋರು ಮಳೆ ಹಳಿಯನ್ನು ತೊಳೆದು ಸ್ವಚ್ಛಮಾಡುತ್ತದೆ, ಅದು ಅಷ್ಟು ಕೆಟ್ಟದ್ದಲ್ಲ. ತುಂತುರು, ಮಂಜು, ಹಳಿಯ ಮೇಲೆ ಬಿದ್ದು ಅರೆದುಹೋದ ಎಲೆ, ಇವು ಕೆಟ್ಟವು. ಹಿಡಿತ ಕಾಲು ಭಾಗದಿಂದ ಶೇ 18ಕ್ಕೆ ಇಳಿದರೆ 42 ಟನ್ ಭಾರಕ್ಕೆ ಸಿಗುವುದು 7.6 ಟನ್ ಎಳೆತ. ಆಗ ಒಂದು ಎಂಜಿನ್ ಹೊರಡಿಸಬಲ್ಲ ಸರಕು ಸುಮಾರು 110 ಟನ್. ನಮ್ಮ ರೈಲಿಗೆ ಒಂಬತ್ತು ಎಂಜಿನ್ ಬೇಕಾಗುತ್ತದೆ. ಹಾಗೆ ಯಾರೂ ರೈಲು ಓಡಿಸುವುದಿಲ್ಲ.

ಇದಕ್ಕೆ ಇದ್ದ ಮದ್ದು ಮರಳು. ಸಂಗ್ರಹಾಲಯಗಳಲ್ಲಿ ನಿಲ್ಲಿಸಿರುವ ಉಗಿ ಎಂಜಿನ್ ಪಕ್ಕದಲ್ಲಿ ಬಗ್ಗಿ ನೋಡಿದರೆ, ಚಾಲಕ ಚಕ್ರದ ಮುಂದೆ ಹಳಿಯಿಂದ ಒಂದು ಗೇಣಿನೊಳಗೆ ಬಾಯಿ ತೆರೆದ ಕಬ್ಬಿಣದ ಕೊಳವೆ ಕಾಣುತ್ತದೆ. ಮೇಲಿನ ಪೆಟ್ಟಿಗೆಯಿಂದ ಮರಳು ಆ ಕೊಳವೆಯಲ್ಲಿ ಇಳಿದು ಚಕ್ರ ಮತ್ತು ಹಳಿ ಕೂಡುವ ಸಂದಿಗೆ ಬೀಳುತ್ತದೆ. ಪುಡಿಯಾದ ಮರಳು ಒದ್ದೆ ಹಳಿಯಲ್ಲೂ ಒಣ ಹಳಿಯಷ್ಟು ಹಿಡಿತ ಕೊಡಬಲ್ಲದು. ಒಂದೇ ಷರತ್ತು, ಮರಳು ಎಲುಬಿನಂತೆ ಒಣಗಿರಬೇಕು. ತೇವ ತಾಗಿದರೆ ಕೊಳವೆಯಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಆದ್ದರಿಂದ ಎಂಜಿನ್ ಶೆಡ್‌ಗಳಲ್ಲಿ ಮರಳು ಒಣಗಿಸಲೆಂದೇ ಒಲೆ ಇರುತ್ತಿತ್ತು. ನೂರಾರು ಟನ್ ಎಳೆಯುವ ಯಂತ್ರ ಘಟ್ಟ ಏರುವುದೋ ಇಲ್ಲವೋ ಎಂಬುದು ಆಷಾಢದ ಮಳೆಯಲ್ಲಿ ಮರಳನ್ನು ಒಣಗಿಸಿಟ್ಟ ಶೆಡ್ಡಿನ ಕೂಲಿಯ ಕೈಯಲ್ಲಿತ್ತು. ಎಂಜಿನ್‌ಗಳ ಚರಿತ್ರೆಯಲ್ಲಿ ಇಂಥವರ ಕೆಲಸಕ್ಕೆ ಒಂದು ಸಾಲೂ ಸಿಗದಿರುವುದು ಅನ್ಯಾಯ.

ಐದು ಎಂಜಿನ್‌ಗಳನ್ನು ಎಲ್ಲಿ ಕಟ್ಟುವುದು

ಎಲ್ಲವನ್ನೂ ಮುಂದೆ ಕಟ್ಟಿದರೆ ಮೊದಲ ಬೋಗಿಯ ಕಪ್ಲಿಂಗ್ (ಕೂಡಿಸುವ ಕೊಂಡಿ) ಇಡೀ 900 ಟನ್ನಿನ ಜಗ್ಗನ್ನು ಹೊರಬೇಕು. ಓಡುವಾಗ 28 ಟನ್, ಹೊರಡುವಾಗ 32 ಟನ್ನಿಗೂ ಹೆಚ್ಚು. 150ಕ್ಕೆ 1ರ ಏರಿನಲ್ಲಿ ಓಡುವಾಗ ಅದೇ ಕಪ್ಲಿಂಗ್ ಮೇಲೆ ಬೀಳುತ್ತಿದ್ದುದು ಹತ್ತು ಟನ್ನಿಗಿಂತ ಕಡಿಮೆ. ಕಪ್ಲಿಂಗ್ ಮುರಿದರೆ ಹಿಂದಿನ ಬೋಗಿಗಳು ಕುಳೆಂ ದಿಕ್ಕಿಗೆ ಜಾರುತ್ತವೆ. ಹಾಗಾಗಿ ಕೆಲವು ಎಂಜಿನ್‌ಗಳನ್ನು ಹಿಂದೆ ಕಟ್ಟಿ ತಳ್ಳಿಸುವುದು ಎಲ್ಲ ಘಟ್ಟಗಳ ಪದ್ಧತಿ. ಇವುಗಳನ್ನು ಬ್ಯಾಂಕರ್ ಎನ್ನುತ್ತಾರೆ. ಆಮೇಲೆ ಬಂದ ಡೀಸೆಲ್ ಎಂಜಿನ್‌ಗಳೂ ಇಲ್ಲಿ ಮುಂದೆ ಒಂದು ಗುಂಪು, ಹಿಂದೆ ಒಂದು ಗುಂಪಾಗಿ ದುಡಿದದ್ದು ಇದೇ ಕಾರಣಕ್ಕೆ.

ಉಗಿ ಕಾಲದಲ್ಲಿ ಹಿಂದಿನ ಡ್ರೈವರ್‌ಗೆ ಮುಂದಿನವನ ಮನಸ್ಸು ತಿಳಿಯಲು ಇದ್ದದ್ದು ಶಿಳ್ಳೆ ಒಂದೇ. ಮುಂದಿನವನು ಊದಬೇಕು, ಹಿಂದಿನವನು ಮರುಊದಬೇಕು, ಆಮೇಲೆ ಇಬ್ಬರೂ ಸಿಲಿಂಡರ್‌ಗೆ ಉಗಿ ಬಿಡುವ ರೆಗ್ಯುಲೇಟರ್ ತೆರೆಯಬೇಕು. ಈ ದಾರಿಯಲ್ಲಿ ಹತ್ತಕ್ಕೂ ಹೆಚ್ಚು ಸುರಂಗಗಳಿವೆ. ಮುಂದಿನ ಎಂಜಿನ್‌ಗಳು ಉಗುಳಿದ ಹೊಗೆ ತುಂಬಿದ ಸುರಂಗದೊಳಗೆ ಬ್ಯಾಂಕರ್‌ನವರು ನಿಧಾನ ವೇಗದಲ್ಲಿ ಪ್ರವೇಶಿಸುತ್ತಾರೆ. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಕೆಳಗೆ ಬಗ್ಗುವುದನ್ನು ಬಿಟ್ಟರೆ ಬೇರೆ ಉಪಾಯವಿರಲಿಲ್ಲ. ಚಕ್ರ ಜಾರಿದ್ದು ಸುರಂಗದೊಳಗಾದರೆ ರೈಲು ನಿಂತೇ ಹೋಗಬಹುದು. ಆಗ ಅಪಾಯ ಎಂಜಿನ್‌ಗಿಂತ ಅದರಲ್ಲಿರುವವರಿಗೆ ಹೆಚ್ಚು.

ಬಾಯ್ಲರ್‌ನೊಳಗೂ ಘಟ್ಟದ ಪರಿಣಾಮವಿದೆ. ಹೊಗೆಕೊಳವೆ ಮುಂದಾಗಿ ಏರುವ ಎಂಜಿನ್ ಮೂತಿ ಎತ್ತಿಕೊಂಡಿರುವುದರಿಂದ ನೀರು ಹಿಂದಕ್ಕೆ, ಬೆಂಕಿಗೂಡಿನ ಕಡೆಗೆ ಸರಿಯುತ್ತದೆ. 5 ಮೀಟರ್ ಉದ್ದದ ನೀರಿಗೆ 37ಕ್ಕೆ 1ರ ಓರೆಯಲ್ಲಿ ಎರಡು ತುದಿಗಳ ನಡುವೆ 13 ಸೆಂಟಿಮೀಟರ್‌ಗೂ ಹೆಚ್ಚು ವ್ಯತ್ಯಾಸ. ಡ್ರೈವರ್‌ನ ಮುಂದಿನ ಗಾಜಿನ ಕೊಳವೆಯಲ್ಲಿ ನೀರು ಸಾಕಷ್ಟಿದೆ ಎಂದು ಕಾಣುತ್ತದೆ. ಕ್ಯಾಸಲ್‌ರಾಕ್‌ನ ಸಮತಟ್ಟು ತಲುಪಿದೊಡನೆ ಅದೇ ನೀರು ಮುಂದಕ್ಕೆ ಹರಿದು ಬೆಂಕಿಗೂಡಿನ ಚಾವಣಿ ಬರಿದಾದರೆ ಉಕ್ಕು ಕೆಂಪಾಗಿ ಕುಸಿಯುತ್ತದೆ. ಅದಕ್ಕಾಗಿಯೇ ಚಾವಣಿಯಲ್ಲಿ ಕರಗುವ ಲೆಡ್ ಪ್ಲಗ್ ಕೂರಿಸಿರುತ್ತಾರೆ. ಆದರೆ ಅನುಭವಿ ಡ್ರೈವರ್ ಪ್ಲಗ್ಗಿನ ಭರವಸೆಯಲ್ಲಿ ಇರುವುದಿಲ್ಲ. ಘಟ್ಟದ ತುದಿ ಬರುವ ಮೊದಲೇ ನೀರು ತುಂಬಿಸಿಕೊಳ್ಳುತ್ತಾನೆ.

ಕಲ್ಲಿದ್ದಲಿನ ಲೆಕ್ಕ ಚಿಕ್ಕದಾಗಿ ಹೇಳುತ್ತೇನೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ 10 ಟನ್ ಎಳೆತವೆಂದರೆ ಸುಮಾರು 560 ಅಶ್ವಶಕ್ತಿ. 26 ಕಿ.ಮೀ. ಏರಲು ಒಂದೂಮುಕ್ಕಾಲು ಗಂಟೆಯಾದರೂ ಬೇಕು. ಅಷ್ಟು ಹೊತ್ತೂ ಪ್ರತಿ ಎಂಜಿನ್‌ಗೆ ಗಂಟೆಗೆ ಮುಕ್ಕಾಲು ಟನ್ನಿನಿಂದ ಒಂದು ಟನ್‌ವರೆಗೆ ಕಲ್ಲಿದ್ದಲನ್ನು ಫೈರ್‌ಮನ್ ಸಲಿಕೆಯಲ್ಲೇ ಎಸೆಯಬೇಕು.

ಉಳಿದ ದಾರಿಗಳು

ಕುಳೆಂನಲ್ಲಿ ನಿಂತಿರುವ ರೈಲಿಗೆ ಐದು ಎಂಜಿನ್ ಇಲ್ಲವೆಂದಾದರೆ ಅದನ್ನು ಎರಡಾಗಿ ಕಡಿಯಬೇಕು. 450 ಟನ್ನಿನ ಒಂದೊಂದು ತುಂಡಿಗೆ ಮೂರು ಎಂಜಿನ್. ಮೊದಲ ತುಂಡನ್ನು ಕ್ಯಾಸಲ್‌ರಾಕ್‌ಗೆ ಬಿಟ್ಟು, ಬರಿದೇ ಇಳಿದು ಬಂದು, ಎರಡನೆಯದನ್ನು ಏರಿಸಬೇಕು. ಅಷ್ಟರಲ್ಲಿ ಒಂಟಿ ಹಳಿಯ ಮೇಲೆ ಅರ್ಧ ದಿನ ಹೋಗಿರುತ್ತದೆ, ಕೆಳಗಿಳಿಯಬೇಕಾದ ಅದಿರಿನ ರೈಲುಗಳು ಮೇಲೆ ಕಾಯುತ್ತಿರುತ್ತವೆ.

ದೊಡ್ಡ ಎಂಜಿನ್ ತರಬಹುದಲ್ಲ ಎಂಬ ಪ್ರಶ್ನೆ ಸಹಜ. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆಗಾಗಿ 1941ರಿಂದ 1944ರ ನಡುವೆ 25 ಬಿಗ್ ಬಾಯ್ ಎಂಜಿನ್‌ಗಳು ತಯಾರಾದವು. ಅವುಗಳ ಎಳೆತ 61 ಟನ್ನಿಗೂ ಹೆಚ್ಚು, ಟೆಂಡರ್ ಸಹಿತ ತೂಕ ಸುಮಾರು 550 ಟನ್. ಅವು ದುಡಿದ ವಾಸಾಚ್ ಬೆಟ್ಟದ ಏರು 88ಕ್ಕೆ 1ರಷ್ಟು ಮಾತ್ರ. ಬ್ರಗಾಂಝಾದ ಏರಿನಲ್ಲಿ ಅದು ಓಡುತ್ತಾ 1,400 ಟನ್ ಎಳೆದೀತು. ಆದರೆ ಅದರ ಒಂದೊಂದು ಚಾಲಕ ಅಚ್ಚಿನ ಭಾರ 30 ಟನ್. ವೈಜಿಯದು ಹತ್ತೂವರೆ. ಮೀಟರ್‌ಗೇಜ್ ಹಳಿ, ಅದರ ಕೆಳಗಿನ ಸೇತುವೆಗಳು ತಡೆಯುವುದು ಅಷ್ಟನ್ನೇ. ಎಳೆತಕ್ಕೆ ಹಿಡಿತ ಬೇಕು, ಹಿಡಿತಕ್ಕೆ ಭಾರ ಬೇಕು, ಭಾರಕ್ಕೆ ಗಟ್ಟಿ ಹಳಿ ಬೇಕು. ಎಂಜಿನ್ ಒಂದನ್ನೇ ಬೆಳೆಸಿ ಈ ಸರಪಣಿಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿರಲಿಲ್ಲ. 1990ರ ದಶಕದಲ್ಲಿ ಇಲ್ಲಿ ಬ್ರಾಡ್‌ಗೇಜ್ ಬಂದ ಮೇಲೆ 126 ಟನ್ ತೂಕದ, ಎಲ್ಲ ಚಕ್ರಗಳೂ ಎಳೆಯುವ ಡೀಸೆಲ್ ಎಂಜಿನ್‌ಗಳು ಓಡಲು ಸಾಧ್ಯವಾಯಿತು. ಏರು ಮಾತ್ರ ಹಾಗೆಯೇ ಉಳಿಯಿತು, ಬ್ಯಾಂಕರ್‌ಗಳೂ ಉಳಿದವು.

ಏರನ್ನೇ ತಗ್ಗಿಸುವುದು ಇನ್ನೊಂದು ದಾರಿ. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆ ಮಾಡಿದ್ದು ಅದನ್ನೇ. ಬೆಟ್ಟ ಹತ್ತಿ ಇಳಿಯುವ ಬದಲು ಸುರಂಗ ಕೊರೆದು, ಹೊನ್ನಾವರದಲ್ಲಿ ಶರಾವತಿಯ ಮೇಲೆ 2 ಕಿ.ಮೀ.ಗೂ ಉದ್ದದ ಸೇತುವೆ ಕಟ್ಟಿ, 150ಕ್ಕೆ 1ರ ಮಿತಿಯನ್ನು ಕಾಪಾಡಿಕೊಂಡರು. ಖರ್ಚೆಲ್ಲ ಕಟ್ಟುವಾಗಲೇ ಆಯಿತು. ಬ್ರಗಾಂಝಾದ ಖರ್ಚು 1888ರಿಂದ ಇಂದಿನವರೆಗೆ ಪ್ರತಿ ರೈಲಿನ ಜೊತೆಗೂ ಆಗುತ್ತಲೇ ಇದೆ.

ನಮ್ಮ ಜಿಲ್ಲೆಗೆ ಈ ಲೆಕ್ಕ ಹಳೆಯದಾಗಿಲ್ಲ. 1990ರ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಬಗ್ಗೆ ಕಾರವಾರ, ಯಲ್ಲಾಪುರ, ಶಿರಸಿಗಳಲ್ಲಿ ವಾದ ನಡೆಯುತ್ತಲೇ ಇದೆ. ಕಾಡು ಬೇಕು, ರೈಲು ಬೇಕು ಎಂಬ ಎರಡು ಕೂಗುಗಳ ನಡುವೆ ಏರಿನ ಮಾತನ್ನು ಎತ್ತುವವರು ಕಡಿಮೆ. ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರ್‌ಗೂ ಎತ್ತರದಲ್ಲಿದೆ. 500 ಮೀಟರ್ ಎಂದೇ ಇಟ್ಟುಕೊಂಡರೂ, 37ಕ್ಕೆ 1ರಲ್ಲಿ ಇಳಿಸಲು ಹದಿನೆಂಟೂವರೆ ಕಿ.ಮೀ. ಘಟ್ಟದ ಹಳಿ ಸಾಕು, 100ಕ್ಕೆ 1ರಲ್ಲಿ 50 ಕಿ.ಮೀ. ಬೇಕು, 150ಕ್ಕೆ 1ರಲ್ಲಿ 75 ಕಿ.ಮೀ. ಮೊದಲನೆಯದಕ್ಕೆ ಕಡಿಮೆ ಕಾಡು ಸಾಕು, ಆದರೆ ಪ್ರತಿ ಸರಕು ರೈಲಿಗೂ ಬ್ಯಾಂಕರ್ ಬೇಕು. ಕೊನೆಯದರಲ್ಲಿ ಬ್ಯಾಂಕರ್ ಬೇಕಿಲ್ಲ, ಆದರೆ ಹಳಿ ಕಾಡಿನೊಳಗೆ ನಾಲ್ಕು ಪಟ್ಟು ಉದ್ದ ಸುತ್ತುತ್ತದೆ ಅಥವಾ ಅಷ್ಟೂ ದೂರ ಸುರಂಗದೊಳಗೆ ಹೋಗಬೇಕಾಗುತ್ತದೆ. ಈ ಮಾರ್ಗದ ಪರವಾಗಿ ಮಾತನಾಡುವವರಾಗಲಿ ವಿರೋಧಿಸುವವರಾಗಲಿ ಮೊದಲು ಕೇಳಬೇಕಾದ ಅಂಕಿ, ಯಲ್ಲಾಪುರದಿಂದ ಕೆಳಗಿನ ಏರು ಎಷ್ಟಕ್ಕೆ ಒಂದು ಎಂಬುದು.